ಸ್ವಿಫ್ಟ್ ಈಗ ಮನೆಮಂದಿಯ ಕಾರು: ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ

ನಮ್ಮ ಮನೆಯಲ್ಲಿ ಹದಿನೈದು ವರ್ಷ ಇದ್ದದ್ದು 2009ರ ಕೆಂಪು ಸ್ವಿಫ್ಟ್. 1.3 ಲೀಟರ್ ಪೆಟ್ರೋಲ್ ಎಂಜಿನ್. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ತಿರುವು ಹೆಚ್ಚಾದಷ್ಟೂ ಅದಕ್ಕೆ ಹುರುಪು. ಅದನ್ನು ಮಾರಿ ಹೊಸ ಸ್ವಿಫ್ಟ್ ನೋಡಲು ಮೊದಲ ಸಲ ನಾನೊಬ್ಬನೇ ಹೋದೆ. ನಾಲ್ಕು ಕಿಲೋಮೀಟರ್ ಓಡಿಸಿ, ‘ಇದು ನಮ್ಮ ಸ್ವಿಫ್ಟ್ ಅಲ್ಲ’ ಎಂದುಕೊಂಡು ಬೇಸರದಿಂದ ಮನೆಗೆ ಬಂದೆ. ಮುಂದಿನ ವಾರ ಅಮ್ಮ, ಹೆಂಡತಿ, ಮಗಳು ಎಲ್ಲರನ್ನೂ ಕರೆದುಕೊಂಡು ಮತ್ತೆ ಹೋದಾಗ, ಮೊದಲ ಸಲ ನಾನು ನೋಡಿದ ರೀತಿಯೇ ತಪ್ಪು ಎಂದು ತಿಳಿಯಿತು. ಓಡಿಸುವವನ ಖುಷಿಗಾಗಿ ಹೆಸರು ಮಾಡಿದ್ದ ಕಾರು ಈಗ ಹಿಂದಿನ ಸೀಟಿನಲ್ಲಿ ಕೂರುವವರ ಕಡೆ ವಾಲಿದೆ. ಹಾಗಾಗಿ ಅದನ್ನು ನೋಡುವ ಕ್ರಮವೂ ಬದಲಾಗಬೇಕು. ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇರೆ ಯಾವ ಸಣ್ಣ ಕಾರು ನೋಡಲು ಹೋದರೂ ಇದರ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು ಬದಲಾದದ್ದು ಏನೆಂದು ತಿಳಿಯಿರಿ

ಸ್ವಿಫ್ಟ್‌ನ ಮೂಲ 1983ರಲ್ಲಿ ಜಪಾನಿನಲ್ಲಿ ಬಂದ ಸುಜುಕಿ ಕಲ್ಟಸ್. ಹೊರದೇಶಗಳಲ್ಲಿ ಅದು ಸ್ವಿಫ್ಟ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 1986ರಲ್ಲಿ ಅದರ ಜಿಟಿಐ ಮಾದರಿ ಬಂತು: 1.3 ಲೀಟರಿನ ಪುಟ್ಟ ಎಂಜಿನ್, 16 ವಾಲ್ವ್, ನೂರರ ಆಸುಪಾಸಿನ ಅಶ್ವಶಕ್ತಿ. ಇದೇ ಕಲ್ಟಸ್‌ನ ಎರಡನೇ ತಲೆಮಾರಿನ ಸೆಡಾನ್ ನಮ್ಮಲ್ಲಿಗೆ 1990ರಲ್ಲಿ ಮಾರುತಿ 1000 ಆಗಿ, 1994ರಲ್ಲಿ ಎಸ್ಟೀಮ್ ಆಗಿ ಬಂತು. ನಮ್ಮ ರ‍್ಯಾಲಿಗಳಲ್ಲಿ ಜಿಪ್ಸಿಯ ಜೊತೆ ಧೂಳೆಬ್ಬಿಸಿದ ಎಸ್ಟೀಮ್‌ಗಳನ್ನು ನೋಡಿದವರಿಗೆ, ಆ ಕಾರೂ ಸ್ವಿಫ್ಟ್ ಕೂಡ ದಾಯಾದಿಗಳೆಂದರೆ ಆಶ್ಚರ್ಯವಾಗದು.

2005ರ ಮೇ ತಿಂಗಳಲ್ಲಿ ಸ್ವಿಫ್ಟ್ ಭಾರತಕ್ಕೆ ಬಂದಾಗ ಅದರ ಎಂಜಿನ್ ಎಸ್ಟೀಮ್ ವಂಶದ್ದೇ ಆದ 1.3 ಲೀಟರ್, 87 ಅಶ್ವಶಕ್ತಿ. 2007ರಲ್ಲಿ ಫಿಯೆಟ್‌ನ 1248 ಸಿಸಿ ಡೀಸೆಲ್ ಸೇರಿತು. 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ಎಳೆತ. ಟರ್ಬೊ ಎದ್ದಾಗ ಬೆನ್ನು ಸೀಟಿಗೆ ಅಂಟುವುದು ಎಂದರೇನೆಂದು ನಮ್ಮ ಮಧ್ಯಮ ವರ್ಗಕ್ಕೆ ತಿಳಿದದ್ದು ಆ ಡೀಸೆಲ್ ಸ್ವಿಫ್ಟ್‌ನಿಂದ. ಅದೇ ವರ್ಷ ಸ್ವೀಡನ್ನಿನ ಪಿ.ಜಿ. ಆಂಡರ್ಸನ್ ಸ್ವಿಫ್ಟ್ ಸೂಪರ್ 1600 ಓಡಿಸಿ ಜೂನಿಯರ್ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದರು. ವಿದೇಶಗಳಲ್ಲಿ ಸ್ವಿಫ್ಟ್ ಸ್ಪೋರ್ಟ್ ಎಂಬ ಬಿರುಸಿನ ಮಾದರಿಯೂ ಇತ್ತು. 2017ರ ಸ್ಪೋರ್ಟ್‌ಗೆ 1.4 ಲೀಟರ್ ಟರ್ಬೊ, 140 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ಕಡಿಮೆ. ಅದು ಭಾರತಕ್ಕೆ ಬರಲೇ ಇಲ್ಲ. ಜಪಾನಿನಲ್ಲೂ 2024ರ ಡಿಸೆಂಬರಿನಲ್ಲಿ ಅದರ ‘ಫೈನಲ್ ಎಡಿಷನ್’ ಘೋಷಣೆಯಾಯಿತು.

2024ರ ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬಂದ ನಾಲ್ಕನೇ ತಲೆಮಾರಿನ ಸ್ವಿಫ್ಟ್‌ಗೆ 1197 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಹಿಂದಿನ ನಾಲ್ಕು ಸಿಲಿಂಡರಿನ ಎಂಜಿನ್ 90 ಅಶ್ವಶಕ್ತಿ ಕೊಡುತ್ತಿತ್ತು, ಇದರದು ಸುಮಾರು 82. ಎಳೆತ ಮಾತ್ರ ಹೆಚ್ಚುಕಡಿಮೆ ಅಷ್ಟೇ, 112 ನ್ಯೂಟನ್ ಮೀಟರ್. ಒಂದು ಸಿಲಿಂಡರ್ ಕಡಿಮೆಯಾದರೆ ಒಳಗೆ ಉಜ್ಜುವ ಭಾಗಗಳೂ ಕಡಿಮೆ, ಇಂಧನ ಉಳಿಯುತ್ತದೆ. ಕಂಪನಿ ಹೇಳುವ ಮೈಲೇಜ್ ಮ್ಯಾನುಯಲ್‌ಗೆ 24.80ಕ್ಕೆ, ಆಟೊಗೇರಿಗೆ 25.75ಕ್ಕೆ ಏರಿದೆ. ಆರು ಏರ್‌ಬ್ಯಾಗ್ ಎಲ್ಲ ಮಾದರಿಗೂ ಇವೆ.

ಈ ಬದಲಾವಣೆ ಅಂಕಿಗಳಿಗಿಂತ ಚೆನ್ನಾಗಿ ಕಾಣುವುದು ಹಿಂಬಾಗಿಲ ಹಿಡಿಯಲ್ಲಿ. 2018ರ ಸ್ವಿಫ್ಟ್‌ನಲ್ಲಿ ಅದನ್ನು ಕಿಟಕಿಯ ಹಿಂದೆ ಕಂಬದಲ್ಲಿ ಅಡಗಿಸಿದ್ದರು. ದೂರದಿಂದ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಎಂಬುದು ಉದ್ದೇಶ. ಆದರೆ ಐದು ವರ್ಷದ ಮಗುವಿಗೆ ಅದು ಎಟುಕುತ್ತಿರಲಿಲ್ಲ, ವಯಸ್ಸಾದವರು ಬಾಗಿಲ ಮೇಲೆಲ್ಲ ಕೈಯಾಡಿಸಿ ಹುಡುಕುತ್ತಿದ್ದರು. 2024ರಲ್ಲಿ ಅದು ಮತ್ತೆ ಬಾಗಿಲಿಗೇ ಬಂದಿದೆ. ನನ್ನ ಮಗಳು ಶೋರೂಮಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ತಾನೇ ಬಾಗಿಲು ತೆರೆದು ಒಳಗೆ ಕುಳಿತದ್ದು.

ನಿಮ್ಮ ಒಂದು ವಾರವನ್ನು ಬರೆದಿಡಿ

ಶೋರೂಮಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವಾರ ಕಾರು ಎಲ್ಲೆಲ್ಲಿಗೆ ಹೋಯಿತು, ಅಥವಾ ಇದ್ದಿದ್ದರೆ ಎಲ್ಲಿಗೆ ಹೋಗುತ್ತಿತ್ತು, ಎಷ್ಟು ಜನರಿದ್ದರು, ಏನು ಸಾಮಾನಿತ್ತು ಎಂದು ಬರೆಯಿರಿ. ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗುತ್ತೀರಿ, ದಾರಿಯಲ್ಲಿ ಘಾಟಿ ಇದೆಯೇ, ಮನೆಯ ಮುಂದಿನ ಓಣಿ ಎಷ್ಟು ಅಗಲ, ಇವನ್ನೂ ಸೇರಿಸಿ. ಸ್ವಿಫ್ಟ್‌ನ ಉದ್ದ 3860 ಮಿಲಿಮೀಟರ್, ಅಗಲ 1735, ನೆಲದಿಂದ ತಳದ ಎತ್ತರ 163. ಗೇಟಿನ ಅಗಲವನ್ನು ಟೇಪು ಹಿಡಿದು ಅಳೆಯಿರಿ, ಕನ್ನಡಿಗಳಿಗೂ ಜಾಗ ಬಿಡಿ. ನನ್ನ ಹಾಳೆಯಲ್ಲಿ ನಾನೊಬ್ಬನೇ ಜೋರಾಗಿ ಓಡಿಸುವ ಸಂದರ್ಭ ಒಂದೂ ಇರಲಿಲ್ಲ. ಮಗಳನ್ನು ಶಾಲೆಗೆ ಬಿಡುವುದು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎರಡು ತಿಂಗಳಿಗೊಮ್ಮೆ ಊರು, ಅಷ್ಟೆ.

ನಿಂತ ಕಾರಿನಲ್ಲಿ ಅರ್ಧ ಗಂಟೆ

ಓಡಿಸುವ ಆತುರ ಬೇಡ. ಶೋರೂಮಿನಲ್ಲಿ ನಿಂತ ಕಾರಿನಲ್ಲೇ ಅರ್ಧ ಗಂಟೆ ಕಳೆಯಿರಿ. ಮನೆಯಲ್ಲಿ ಅತಿ ಎತ್ತರದವರನ್ನು ಚಾಲಕನ ಸೀಟಿನಲ್ಲಿ ಅವರಿಗೆ ಬೇಕಾದಂತೆ ಕೂರಿಸಿ. ಆಮೇಲೆ ಅವರ ಹಿಂದೆಯೇ ಇನ್ನೊಬ್ಬರು ಕೂರಲಿ. ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಅಂಗೈ ಹಿಡಿಸುತ್ತದೆಯೇ? ತೊಡೆಗೆ ಸೀಟಿನ ಆಸರೆ ಸಿಗುತ್ತದೆಯೇ, ಮಂಡಿ ಮೇಲೇಳುತ್ತದೆಯೇ? ಸ್ವಿಫ್ಟ್‌ನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2450 ಮಿಲಿಮೀಟರ್, ಮಾರುತಿಯದೇ ಬಲೆನೊದ್ದು 2520. ಈ ಏಳು ಸೆಂಟಿಮೀಟರಿನ ವ್ಯತ್ಯಾಸ ಕಾಗದದ ಮೇಲೆ ಅಲ್ಪ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಹಿಂದೆ ಕುಳಿತವರಿಗೆ ಅದು ಗೊತ್ತಾಗುತ್ತದೆ.

ಮೂವರನ್ನು ಹಿಂದೆ ಕೂರಿಸಿ ನೋಡಲೇಬೇಕು. ಸ್ವಿಫ್ಟ್‌ನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ನೆಮ್ಮದಿಯಾಗಿ ಕೂರಬಹುದು. ಮೂವರು ದೊಡ್ಡವರಾದರೆ ಭುಜಕ್ಕೆ ಭುಜ ತಾಗುತ್ತದೆ. ಹಿಂದಿನ ಮೂರೂ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಇದೆ. ಮೂವರೂ ಕುಳಿತಾಗ ಅದರ ಕೊಂಡಿ ಕೈಗೆ ಸಿಗುತ್ತದೆಯೇ ಎಂದು ಹಾಕಿ ನೋಡಿ.

ವಯಸ್ಸಾದವರಿದ್ದರೆ ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ. ಸ್ವಿಫ್ಟ್‌ನ ಸೀಟು ಎಸ್‌ಯುವಿಗಳಿಗಿಂತ ತಗ್ಗು. ನನ್ನ ಅಮ್ಮನಿಗೆ ಮಂಡಿನೋವು. ಹತ್ತುವಾಗ ಸಲೀಸಾಗಿ ಕುಳಿತರು, ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಪ್ರಯತ್ನಿಸಬೇಕಾಯಿತು. ಮುಂದಿನ ಎಡ ಸೀಟನ್ನು ಪೂರ್ತಿ ಹಿಂದೆ ಸರಿಸಿದಾಗ ಕಾಲು ಹೊರಗೆ ಚಾಚಲು ಜಾಗ ಸಿಕ್ಕಿ ಸುಲಭವಾಯಿತು. ಅಂದಿನಿಂದ ಆ ಸೀಟು ಅವರದು.

ಡಿಕ್ಕಿಯಲ್ಲಿ ನಿಮ್ಮದೇ ಸಾಮಾನು ಇಟ್ಟು ನೋಡಿ. ಅದರ ಅಳತೆ 265 ಲೀಟರ್ ಎಂದು ಬರೆದಿರುತ್ತದೆ, ಆ ಲೀಟರಿನ ಲೆಕ್ಕದಿಂದ ನಮಗೆ ಏನೂ ತಿಳಿಯುವುದಿಲ್ಲ. ನಾವು ಮನೆಯ ದೊಡ್ಡ ಸೂಟ್‌ಕೇಸು, ಒಂದು ಅಕ್ಕಿ ಚೀಲ, ಮಗಳ ಶಾಲೆಯ ಬ್ಯಾಗು ತೆಗೆದುಕೊಂಡು ಹೋಗಿದ್ದೆವು. ಮೂರೂ ಹಿಡಿಸಿದವು. ಆದರೆ ಡಿಕ್ಕಿಯ ಅಂಚು ಎತ್ತರವಾಗಿರುವುದರಿಂದ ಅಕ್ಕಿ ಚೀಲವನ್ನು ಸೊಂಟದ ಮಟ್ಟಕ್ಕೆ ಎತ್ತಿ ಒಳಗೆ ಇಳಿಸಬೇಕು. ಸೇಲ್ಸ್ ಹುಡುಗರು ಅಚ್ಚರಿಯಿಂದ ನೋಡಬಹುದು, ನೋಡಲಿ.

ಓಡಿಸುವಾಗ: ಐದು ಜನ, ಎಸಿ, ಒಂದು ಏರು

ಒಬ್ಬರೇ ಕುಳಿತು ಖಾಲಿ ರಸ್ತೆಯಲ್ಲಿ ಓಡಿಸಿದರೆ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ. ಟೆಸ್ಟ್ ಡ್ರೈವ್‌ಗೆ ಮನೆಮಂದಿಯೆಲ್ಲ ಕುಳಿತು, ಎಸಿ ಹಾಕಿ ಹೊರಡಿ. ಶೋರೂಮಿನವರು ಸಾಮಾನ್ಯವಾಗಿ ತಮಗೆ ಅನುಕೂಲವಾದ ದಾರಿಯಲ್ಲಿ ಕರೆದೊಯ್ಯುತ್ತಾರೆ. ಒಂದು ಏರು, ಒಂದು ಗುಂಡಿಬಿದ್ದ ರಸ್ತೆ, ಒಂದು ಎತ್ತರದ ಹಂಪ್ ಇರುವ ದಾರಿಯನ್ನು ನೀವೇ ಮೊದಲೇ ಗುರುತಿಸಿಟ್ಟುಕೊಂಡು ಅಲ್ಲಿಗೇ ಹೋಗೋಣ ಎನ್ನಿ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟು, ಸ್ಟೀರಿಂಗ್ ಮೇಲೆ ಅಂಗೈ ಇಡಿ. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ನಾಲ್ಕರಷ್ಟು ನಯವಲ್ಲ. ಸಣ್ಣ ನಡುಕ ಸಹಜ. ಎಸಿ ಹಾಕಿದಾಗ ಅದು ಎಷ್ಟು ಹೆಚ್ಚುತ್ತದೆ, ಗೇರಿನ ಕೋಲಿಗೂ ಸೀಟಿಗೂ ಬರುತ್ತದೆಯೇ ಎಂದು ನೋಡಿ. ಹಳೆಯ ಸ್ವಿಫ್ಟ್ ಓಡಿಸಿದವರಿಗೆ ಈ ನಡುಕ, ಏರುವಾಗಿನ ಒರಟು ದನಿ ಮೊದಲ ದಿನವೇ ಎದ್ದು ಕಾಣುತ್ತದೆ. ನನಗೆ ಇಂದಿಗೂ ಆ ದನಿ ಇಷ್ಟವಾಗಿಲ್ಲ.

ಈಗ ಊರೊಳಗಿನ ಪರೀಕ್ಷೆ. ಎರಡನೇ ಗೇರಿನಲ್ಲಿ 15-20 ಕಿಲೋಮೀಟರ್ ವೇಗಕ್ಕೆ ಇಳಿದು, ಗೇರು ಬದಲಿಸದೆ ನಿಧಾನವಾಗಿ ಆಕ್ಸಿಲರೇಟರ್ ಒತ್ತಿ. ಮುಕ್ಕರಿಸದೆ ಎಳೆದುಕೊಂಡು ಹೋದರೆ ಟ್ರಾಫಿಕ್ಕಿನಲ್ಲಿ ನಿಮ್ಮ ಎಡಗಾಲು ಉಳಿಯಿತು. ಹೊಸ ಎಂಜಿನ್ ಈ ಕೆಲಸವನ್ನು ಹಿಂದಿನದಕ್ಕಿಂತ ಚೆನ್ನಾಗಿ ಮಾಡುತ್ತದೆ ಎಂಬುದು ನನ್ನ ಅನುಭವ. ಕ್ಲಚ್ ಹಗುರ, ಸ್ಟೀರಿಂಗ್ ಕೂಡ ಹಗುರ. ಇಕ್ಕಟ್ಟಿನಲ್ಲಿ ಪಾರ್ಕ್ ಮಾಡುವವರಿಗೆ ಇದು ವರ.

ಹೆದ್ದಾರಿಯಲ್ಲಿ ನೋಡಬೇಕಾದದ್ದು ಓವರ್‌ಟೇಕ್. ಹಿಂದೆ ಮುಂದೆ ಖಾಲಿ ಇರುವ ನಾಲ್ಕು ಪಥದ ರಸ್ತೆಯಲ್ಲಿ, ಐದು ಜನರೊಂದಿಗೆ ಮೂರನೇ ಗೇರಿನಲ್ಲಿ 50ರಿಂದ 80ಕ್ಕೆ ಏರಿಸಿ ನೋಡಿ. ಹಳೆಯ ಪೆಟ್ರೋಲ್ ಸ್ವಿಫ್ಟ್ ಗೇರು ಇಳಿಸಿ ಕೆಣಕಿದಷ್ಟೂ ಉತ್ಸಾಹದಿಂದ ಮೇಲೇರುತ್ತಿತ್ತು. ಇದು ಮಧ್ಯದ ವೇಗದವರೆಗೆ ಚೆನ್ನಾಗಿ ಬಂದು, ಮೇಲೆ ಹೋದಂತೆ ಸದ್ದು ಹೆಚ್ಚಿಸುತ್ತದೆ, ಓಟವನ್ನು ಅಷ್ಟೇನೂ ಹೆಚ್ಚಿಸುವುದಿಲ್ಲ. ಎರಡು ಪಥದ ರಸ್ತೆಯಲ್ಲಿ ಲಾರಿ ದಾಟುವ ಅಭ್ಯಾಸ ಇರುವವರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಹಿಂದಿನ ಕಾರಿನ ಅಂದಾಜಿನಲ್ಲಿ ನುಗ್ಗಬಾರದು.

ಏರಿನ ಮಧ್ಯೆ ಕಾರು ನಿಲ್ಲಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ಹಿಲ್ ಹೋಲ್ಡ್ ಇರುವುದರಿಂದ ಒಂದೆರಡು ಸೆಕೆಂಡ್ ಕಾರು ಹಿಂದೆ ಜಾರುವುದಿಲ್ಲ. ಅಷ್ಟರಲ್ಲಿ ಹೊರಡಲು ನಿಮಗೆ ಸಾಧ್ಯವೇ ಎಂದು ನೋಡಿ. ಹೊಸದಾಗಿ ಕಲಿತವರು ಮನೆಯಲ್ಲಿದ್ದರೆ ಅವರೇ ಮಾಡಲಿ.

ಹಂಪ್ ದಾಟುವಾಗ ಓಡಿಸುವವರ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಹಿಂದೆ ಕುಳಿತವರನ್ನು ಕೇಳಿ.

ಗೇರೂ ಗ್ಯಾಸೂ

ಆಟೊಗೇರು ಎಂದು ಇಲ್ಲಿ ಮಾರುವುದು ಎಎಂಟಿ. ಒಳಗೆ ಇರುವುದು ಮಾಮೂಲಿ ಐದು ಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ನಿಮ್ಮ ಬದಲು ಯಂತ್ರ ಮಾಡುತ್ತದೆ. ಗೇರು ಬದಲಾಗುವ ಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ಬಾಗಿದಂತಾಗುತ್ತದೆ. ಆಕ್ಸಿಲರೇಟರನ್ನು ಮೆತ್ತಗೆ ಒತ್ತಿದರೆ ಅದು ಬಹುಪಾಲು ಕಡಿಮೆಯಾಗುತ್ತದೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದಿಡಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಒತ್ತಿ ನಿಲ್ಲಿ. ಚಾರ್ಮಾಡಿ, ಆಗುಂಬೆ ಇಳಿಯುವಾಗ ಮ್ಯಾನುಯಲ್ ಮೋಡಿಗೆ ಹಾಕಿ ಎರಡು ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ. ಇಲ್ಲದಿದ್ದರೆ ಅದು ಮೇಲಿನ ಗೇರಿಗೆ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಸಿಎನ್‌ಜಿ ಮಾದರಿ 2024ರ ಸೆಪ್ಟೆಂಬರಿನಲ್ಲಿ ಬಂತು. ಕಿಲೋಗೆ 32.85 ಕಿಲೋಮೀಟರ್ ಎಂಬುದು ಕಂಪನಿಯ ಲೆಕ್ಕ. ಗ್ಯಾಸಿನಲ್ಲಿ ಶಕ್ತಿ ಸುಮಾರು 70 ಅಶ್ವಶಕ್ತಿಗೆ ಇಳಿಯುತ್ತದೆ, ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೊ ಟೆಸ್ಟ್ ಮಾಡಿಸಬೇಕು. ದಿನಾ ಐವತ್ತು-ಅರವತ್ತು ಕಿಲೋಮೀಟರ್ ಓಡಿಸುವವರಿಗೆ ಸರಿ. ವಾರಕ್ಕೊಮ್ಮೆ ಕಾರು ತೆಗೆಯುವ ಸಂಸಾರಕ್ಕೆ ಅಕ್ಕಿ ಚೀಲದ ಜಾಗ ಬಿಟ್ಟುಕೊಡುವುದರಲ್ಲಿ ಲಾಭವಿಲ್ಲ.

ನಕ್ಷತ್ರದ ಮಾತು

ಹಿಂದಿನ ತಲೆಮಾರಿನ ಸ್ವಿಫ್ಟ್‌ಗೆ 2022ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊರೆತದ್ದು ಒಂದೇ ನಕ್ಷತ್ರ. ಅದನ್ನು ಮರೆಯಬಾರದು. ಹೊಸದರಲ್ಲಿ ಆರು ಏರ್‌ಬ್ಯಾಗ್, ಜಾರುವುದನ್ನು ತಡೆಯುವ ಇಎಸ್‌ಪಿ, ಮಕ್ಕಳ ಸೀಟಿಗೆ ಐಸೋಫಿಕ್ಸ್ ಕೊಂಡಿ ಎಲ್ಲ ಮಾದರಿಗೂ ಬಂದಿರುವುದು ದೊಡ್ಡ ಹೆಜ್ಜೆ. ಆದರೆ ಶೋರೂಮಿನಲ್ಲಿ ‘ಡಿಜೈರ್‌ಗೆ ಐದು ನಕ್ಷತ್ರ ಬಂದಿದೆ ಸರ್, ಎರಡೂ ಒಂದೇ’ ಎಂದರೆ ತಲೆಯಾಡಿಸಬೇಡಿ. ಸ್ವಿಫ್ಟ್‌ನ ಸೆಡಾನ್ ರೂಪವಾದರೂ ಡಿಜೈರ್‌ಗೆ ಬಂದದ್ದು ಡಿಜೈರ್‌ನದು. ಯುರೋಪಿನಲ್ಲಿ ಮಾರುವ ಹೊಸ ಸ್ವಿಫ್ಟ್‌ಗೆ 2024ರಲ್ಲಿ ಯುರೋ ಎನ್‌ಕ್ಯಾಪ್ ಕೊಟ್ಟದ್ದು ಮೂರು ನಕ್ಷತ್ರ, ಆದರೆ ಅದೂ ನಮ್ಮಲ್ಲಿ ಮಾರುವ ಕಾರಲ್ಲ. ಸ್ವಿಫ್ಟ್‌ನ ಹೆಸರಿನಲ್ಲೇ ಇರುವ ಭಾರತ್ ಎನ್‌ಕ್ಯಾಪ್ ಫಲಿತಾಂಶ ತೋರಿಸಿ ಎಂದು ಕೇಳಿ. ಪುಟ್ಟ ಮಕ್ಕಳಿದ್ದರೆ ಮಕ್ಕಳ ಸೀಟಿಗೂ ಇದೇ ಬಜೆಟ್ಟಿನಲ್ಲಿ ಹಣ ತೆಗೆದಿಡಿ. ಮ್ಯೂಸಿಕ್ ಸಿಸ್ಟಂ ಆಮೇಲೆ ಹಾಕಿಸಬಹುದು.

ಬೆಲೆಯ ಚೀಟಿ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ಸ್ವಿಫ್ಟ್ ಎರಡೂ ಮಿತಿಯೊಳಗೆ ಬರುತ್ತದೆ. ಆದರೆ ಕರ್ನಾಟಕದ ಜೀವಿತಾವಧಿ ರಸ್ತೆ ತೆರಿಗೆ ದುಬಾರಿ. 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, ಅದರ ಮೇಲೆ ಸೆಸ್. ಆದ್ದರಿಂದ ಎಕ್ಸ್ ಶೋರೂಂ ಬೆಲೆ ಕೇಳಿ ಖುಷಿಪಡುವ ಬದಲು ಆನ್ ರೋಡ್ ಲೆಕ್ಕವನ್ನು ಸಾಲುಸಾಲಾಗಿ ಬರೆಸಿಕೊಳ್ಳಿ.

ನನಗೆ ಕೊಟ್ಟ ಮೊದಲ ಚೀಟಿಯಲ್ಲಿ ‘ಹ್ಯಾಂಡ್ಲಿಂಗ್’, ‘ಎಸೆನ್ಶಿಯಲ್ ಕಿಟ್’ ಎಂಬ ಎರಡು ಸಾಲುಗಳಿದ್ದವು. ಇವು ಯಾವ ಕಾನೂನಿನ ಪ್ರಕಾರ ಎಂದು ಕೇಳಿದೆ. ಉತ್ತರ ಬರಲಿಲ್ಲ, ಸಾಲುಗಳು ಹೋದವು. ನೀವೂ ಕೇಳಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ಅದೇ ಶೋರೂಮಿನಲ್ಲಿ ಮಾಡಿಸಬೇಕೆಂಬ ಕಡ್ಡಾಯವೇನಿಲ್ಲ. ಹೊರಗೆ ಎರಡು ಕಡೆ ವಿಚಾರಿಸಿದರೆ ಸಾವಿರಾರು ರೂಪಾಯಿಯ ವ್ಯತ್ಯಾಸ ಕಾಣಬಹುದು.

ಕಾರು ಮನೆಗೆ ಬರುವ ದಿನ

ನೋಂದಣಿಗೆ ಮುಂಚೆಯೇ ನಿಮ್ಮ ಹೆಸರಿಗೆ ಬರಲಿರುವ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ತಯಾರಾದ ತಿಂಗಳು ಕೇಳಿ, ಷಾಸಿ ನಂಬರನ್ನು ಕಾಗದದೊಂದಿಗೆ ತಾಳೆ ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದೂ ಟೈರು, ಸ್ಟೆಪ್ನಿ ಸೇರಿ, ಆಸುಪಾಸಿನ ತಾರೀಖಿನವಿರಬೇಕು. ಬಾಗಿಲ ಅಂಚು, ಬಂಪರಿನ ಮೂಲೆಗಳಲ್ಲಿ ಬಣ್ಣ ಬೇರೆ ಕಂಡರೆ ಸಹಿ ಹಾಕಬೇಡಿ. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್.

ಮೈಲೇಜನ್ನು ಮೀಟರಿನ ಪರದೆ ನೋಡಿ ನಂಬಬೇಡಿ. ಪಂಪ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ, ಓಡಿದ ದೂರವನ್ನು ತುಂಬಿದ ಲೀಟರಿನಿಂದ ಭಾಗಿಸಿ. ನಮ್ಮದು ಊರೊಳಗೆ 16-17, ಹೆದ್ದಾರಿಯಲ್ಲಿ 22. ಕಂಪನಿಯ ಅಂಕಿ ಪ್ರಯೋಗಾಲಯದ್ದು. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್, ಲೀಟರಿಗೆ ಅದರ ಕಸುವು ಸ್ವಲ್ಪ ಕಡಿಮೆ.

ಹಳೆಯ ಹುರುಪೇ ಬೇಕು ಎನ್ನುವವರಿಗೆ

ಮನೆಯ ಕೆಲಸಕ್ಕೆ ಬೇರೆ ಕಾರಿದ್ದು, ನಿಮಗೆ ಬೇಕಾಗಿರುವುದು ಓಡಿಸುವ ಸಂತೋಷವೇ ಆಗಿದ್ದರೆ ಹೊಸ ಸ್ವಿಫ್ಟ್ ನಿಮ್ಮದಲ್ಲ, ಮುಲಾಜಿಲ್ಲದೆ ಬಿಡಿ. 2021ರಿಂದ 2024ರ ನಡುವಿನ, 90 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಸ್ವಿಫ್ಟ್ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ. ಆದರೆ ಅದರ ಒಂದು ನಕ್ಷತ್ರವನ್ನು ನೆನಪಿಟ್ಟುಕೊಂಡೇ ತೀರ್ಮಾನಿಸಿ. ಕೊಳ್ಳುವಾಗ ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬಂದ ಮೇಲೆಯೇ ಹಣ ಕೊಡಿ. ಫಾರಂ 29, 30 ಸಹಿಯಾದ ಮೇಲೆ ವರ್ಗಾವಣೆಯನ್ನು ತಡಮಾಡಬೇಡಿ, ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಡೀಸೆಲ್ ಸಿಕ್ಕರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಟೈಮಿಂಗ್ ಚೈನಿನ ಗಲಗಲ ಸದ್ದಿಗೆ ಕಿವಿಗೊಡಿ. ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬನ್ನಿ. ಹೊಸದೇ ಬೇಕಾದರೆ ಮಾರುತಿಯದೇ ಫ್ರಾಂಕ್ಸ್‌ನಲ್ಲಿ 100 ಅಶ್ವಶಕ್ತಿಯ 1.0 ಲೀಟರ್ ಟರ್ಬೊ ಇದೆ, ಹ್ಯುಂಡೈ ಐ20 ಎನ್ ಲೈನ್‌ನಲ್ಲಿ 120 ಅಶ್ವಶಕ್ತಿಯದು. ಹಣ ಹೆಚ್ಚಾಗುತ್ತದೆ.

ನಾವು ಕೊನೆಗೆ ಕೊಂಡದ್ದು ಮ್ಯಾನುಯಲ್ ಪೆಟ್ರೋಲ್ ಸ್ವಿಫ್ಟ್. ಶಿರಾಡಿಯಲ್ಲಿ ನನಗೆ ಆ ಹಳೆಯ ಕೆಂಪು ಕಾರು ಈಗಲೂ ನೆನಪಾಗುತ್ತದೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋಗಿರುತ್ತಾಳೆ, ಹಳೆಯದರಲ್ಲಿ ಅದೇ ದಾರಿಯಲ್ಲಿ ಅವಳಿಗೆ ವಾಂತಿಯಾಗುತ್ತಿತ್ತು. ನೀವು ಟೆಸ್ಟ್ ಡ್ರೈವ್‌ಗೆ ಫೋನ್ ಮಾಡುವಾಗಲೇ ಹೇಳಿಬಿಡಿ: ನಾವು ಐದು ಜನ ಬರುತ್ತೇವೆ, ಸಾಮಾನೂ ತರುತ್ತೇವೆ, ಒಂದು ಗಂಟೆ ಬೇಕು. ಅದಕ್ಕೆ ಒಪ್ಪದ ಶೋರೂಮಿಗೆ ಹೋಗಲೇಬೇಡಿ.